ಅರ್ಥಿಂಗ್ ತಂತಿಗೊಂದು ಮ್ಯಾಚಿಂಗ್

ವಿದ್ಯುತ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ ನಾನು ನನ್ನ ಮನೆಯಲ್ಲೇ, ನನ್ನ ಹೆಂಡತಿಗೇ ಕರೆಂಟು ಹೊಡೆಸಿದೆ. ಬೇರೆಯವರ ಬಾಯಿಂದ ನೀವು ಇದನ್ನು ಕೇಳುವ ಮೊದಲು ನಾನೇ ಹೇಳಿಬಿಡುವುದು ಕ್ಷೇಮ. ತೆಲುಗು ನಾಡಿನ ಗಚ್ಚಿಬೌಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸುದ್ದಿ ಲಿಫ್ಟಿಗಿಂತ ಬೇಗ ಮೇಲೇರುತ್ತದೆ.

ಇದಕ್ಕೆಲ್ಲ ಕಾರಣ ಒಂದು ಪಿನ್‌ಬಾಲ್ ಮಷಿನ್. ಗಾಜಿನ ಮುಚ್ಚಳದ ಕೆಳಗೆ ಒಂದು ಇಳಿಜಾರು ಹಲಗೆ, ಅದರ ಮೇಲೆ ಓಡಾಡುವ ಉಕ್ಕಿನ ಚೆಂಡು. ಚೆಂಡು ಕೆಳಗೆ ಜಾರಿ ಮಾಯವಾಗದಂತೆ ಎರಡೂ ಬದಿಯ ಬಟನ್ನು ಒತ್ತಿ ಒತ್ತಿ ಹೊಡೆಯುತ್ತಿರಬೇಕು, ಅಷ್ಟೇ ಆಟ. ಮುಚ್ಚಿಹೋದ ಕ್ಲಬ್ಬೊಂದರಿಂದ ನಾನು ಅದನ್ನು ತಂದಾಗ ನಾಲ್ಕು ಕಾಲು ಬಿಟ್ಟರೆ ಮತ್ತೇನೂ ನೆಟ್ಟಗಿರಲಿಲ್ಲ. ನನ್ನ ಹೆಂಡತಿ ಸುಧಾ ಪಡಸಾಲೆಯ ದಿವಾನವನ್ನು ಸರಿಸಿ ಜಾಗ ಕೊಟ್ಟಳು, ಜೊತೆಗೆ ಒಂದು ಷರತ್ತನ್ನೂ ಹಾಕಿದಳು.

“ಸಂಕ್ರಾಂತಿಗೆ ಅರಿಷಿಣ-ಕುಂಕುಮಕ್ಕ ಹೆಣ್ಮಕ್ಕಳು ಬರ್ತಾರ. ಅಷ್ಟರಾಗ ಯಾರಿಗರ ಒಬ್ಬರಿಗೆ ಜುಮ್ ಅಂದ್ರೂ ಇದು ಸೀದಾ ಗುಜರಿಗೆ, ನೋಡ್ರಿ.”

ನಾನು ನಕ್ಕೆ. ಜುಮ್ ಅನ್ನುವುದೆ? ನನ್ನ ಮನೆಯಲ್ಲಿ?

ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ಎಲ್ಲಕ್ಕಿಂತ ದಪ್ಪ, ಉದ್ದ ಇರುವುದು ಅರ್ಥಿಂಗಿನದು, ನೀವೂ ನೋಡಿರುತ್ತೀರಿ. ಎಲ್ಲರಿಗಿಂತ ಮೊದಲು ಒಳಗೆ ಹೋಗುತ್ತದೆ, ಎಲ್ಲರಿಗಿಂತ ಕೊನೆಗೆ ಹೊರಬರುತ್ತದೆ, ನಡುವೆ ಏನೂ ಕೆಲಸ ಮಾಡುವುದಿಲ್ಲ. ಮದುವೆಮನೆಯಲ್ಲಿ ಇಂಥ ಒಬ್ಬ ಕಾಕಾ ಇದ್ದೇ ಇರುತ್ತಾನೆ. ಆದರೆ ಒಳಗೆಲ್ಲೋ ಒಂದು ವೈರಿನ ಸಿಪ್ಪೆ ಸುಲಿದು ಕರೆಂಟು ದಾರಿ ತಪ್ಪಿತೋ, ಅದರ ಕೈಹಿಡಿದು ನೆಲಕ್ಕೆ ಮುಟ್ಟಿಸುವವನು ಈ ಕಾಕಾನೇ. ಅವನಿಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ.

ನಮ್ಮ ಮಷಿನ್ನಿನ ಹೊಟ್ಟೆಯಲ್ಲಿ ಈ ಕೆಲಸಕ್ಕಿದ್ದದ್ದು ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದ, ಬೆರಳಗಲದ ಚಪ್ಪಟೆ ತಂತಿ. ತಾಮ್ರವೇ, ಆದರೆ ಮೇಲೆ ತವರ ಬಳಿದದ್ದರಿಂದ ಬೆಳ್ಳಿಯ ಬಣ್ಣ. ಮರದ ಗೋಡೆಯ ಉದ್ದಕ್ಕೂ ಸ್ಟೇಪಲ್ ಹೊಡೆದು ಲೋಹದ ಭಾಗಗಳನ್ನೆಲ್ಲ ಅದರಿಂದ ಕೂಡಿಸಿದ್ದರು. ಈಗ ಕಪ್ಪಾಗಿ, ಮುಟ್ಟಿದರೆ ಉದುರುತ್ತಿತ್ತು. “ಗ್ರೀನ್ ವೈರ್ ಡಾಲೋ ಸಾಬ್, ಬಸ್,” ಎಂದ ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯವನು. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಇಲಾಖೆಯಲ್ಲಿದ್ದಾಗ ಎಷ್ಟೋ ಕಡೆ ನಾನೂ ಹಸಿರು ವೈರನ್ನೇ ಹಾಕಿಸಿದ್ದೆ. ಆದರೆ ಹಳೆಯದನ್ನು ಮೊದಲಿದ್ದಂತೆಯೇ ಮಾಡುವ ಹುಚ್ಚು ಹಿಡಿದವನಿಗೆ ಸರಿಯಾದದ್ದು ಸಾಲದು, ಅದೇ ಬೇಕು. ಯಾರೂ ತೆರೆದು ನೋಡದ ಹೊಟ್ಟೆಯೊಳಗೂ ಅದೇ ಬೇಕು.

ಆ ದಿನ ಸುಧಾ ಹೊಸ ಸೀರೆ ಹಿಡಿದುಕೊಂಡು ಬ್ಲೌಸ್ ಪೀಸಿಗಾಗಿ ಕೋಠಿ ಬಜಾರಿಗೆ ಹೊರಟಿದ್ದಳು. ಮ್ಯಾಚಿಂಗಿನಲ್ಲಿ ಅವಳನ್ನು ಮೀರಿಸುವವರಿಲ್ಲ; ನನಗೆ ಒಂದು ಹಸಿರು ಕಾಣುವಲ್ಲಿ ಅವಳಿಗೆ ಐದು ಕಾಣುತ್ತವೆ. ಹಳೆಯ ತಂತಿಯ ಒಂದು ಗೇಣು ತುಂಡನ್ನು ಉಜ್ಜಿ ಹೊಳಪು ಬರಿಸಿ ಅವಳ ಕೈಗಿತ್ತೆ. “ಇದ ಅಗಲ, ಇದ ಹೆಣಿಗಿ, ಇದ ಬಣ್ಣ. ಆರು ಮೀಟರ್ ತಾ,” ಎಂದೆ. ಯಾತಕ್ಕೆ ಎಂದು ಹೇಳಲಿಲ್ಲ. ಆಫೀಸಿನಲ್ಲಿ ಆರ್ಡರ್ ಹೊರಡಿಸಿ ರೂಢಿಯಾದವನಿಗೆ ಕಾರಣ ಹೇಳುವ ಅಭ್ಯಾಸ ತಪ್ಪಿಹೋಗಿರುತ್ತದೆ.

ಸಂಜೆ ಅವಳು ತಂದದ್ದನ್ನು ಹಳೆಯ ತುಂಡಿನ ಪಕ್ಕ ಇಟ್ಟು ನೋಡಿದೆ. ಅಣ್ಣ-ತಮ್ಮ! ಎಷ್ಟು ಮೆತ್ತಗೆ, ಎಷ್ಟು ಹಗುರ! ಇಂಥ ತಾಮ್ರವನ್ನು ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಮೂಲೆ ಮೂಲೆಗೂ ಮಡಿಸಿ ಸ್ಟೇಪಲ್ ಹೊಡೆದೆ, ತುದಿಗಳನ್ನು ಸ್ಕ್ರೂ ಕೆಳಗೆ ಬಿಗಿದೆ. ಮೀಟರ್ ಹಚ್ಚಿ ಪರೀಕ್ಷಿಸಬೇಕಿತ್ತು. ಮೀಟರ್ ಅಟ್ಟದ ಮೇಲಿತ್ತು, ಅನುಭವ ಕೈಯಲ್ಲೇ ಇತ್ತು.

ಉದ್ಘಾಟನೆಗೆ ಸುಧಾಳನ್ನೇ ಕರೆದೆ. ಆಗಷ್ಟೇ ಒರೆಸಿದ ನೆಲ, ಬರಿಗಾಲು. ಲೋಹದ ಅಂಚು ಮುಟ್ಟಿದಳೋ ಇಲ್ಲವೋ, ಹಾರಿಬಿದ್ದಳು.

“ಅಯ್ಯಯ್ಯ! ಕೈಯಾಗ ಇರವಿ ಹರದಂಗಾತಲ್ರೀ!”

ಅಷ್ಟು ಹೇಳಿ ಹೋಗಿ ಗೋಡೆಯ ಸ್ವಿಚ್ಚು ಆರಿಸಿ, “ಗುಜರಿಯವನ ನಂಬರ್ ಎಲ್ಲೈತಿ?” ಎಂದಳು. ಮೊದಲು ಅವಳ ಕೈ ಹಿಡಿದು ನೋಡಿದೆ. ಆಮೇಲೆ ಅವಳ ಫೋನ್ ಹಿಡಿದುಕೊಂಡೆ. ತಾಮ್ರದಲ್ಲಿ ಕಲಬೆರಕೆಯಾಗಿದೆ, ಎರಡು ದಿನ ಕೊಡು ಎಂದು ಅಂಗಲಾಚಿದೆ.

ಮರುದಿನ ಉಳಿದ ತುಂಡು ಹಿಡಿದು ನಾಚಾರಂಗೆ ಹೋದೆ. ಅಲ್ಲಿ ಇಂಥ ತಂತಿ ಹೆಣೆಯುವ ಸಣ್ಣ ಕಾರ್ಖಾನೆಯೊಂದಿದೆ. ಹೆಣಿಗೆ ಯಂತ್ರದ ಮುಂದೆ ನಿಂತಿದ್ದವನಿಗೆ ನನ್ನ ಹರಕು ತೆಲುಗಿನಲ್ಲಿ ಕಲಬೆರಕೆಯ ವಿಷಯವಾಗಿ ಭಾಷಣ ಶುರುಮಾಡಿದೆ. ಆತ ಯಾದಗಿರಿ ಕಡೆಯ ಶರಣಪ್ಪ. ನನ್ನ ತೆಲುಗಿನಲ್ಲೇ ನನ್ನ ಊರು ಹಿಡಿದುಬಿಟ್ಟ.

“ಕನ್ನಡದಾಗ ಬೈರಿ ಸಾಹೇಬ್ರ. ಭಾಳ ದಿನ ಆತು ಕೇಳಿ.”

ಬೈದೆ. ಅವನು ತುಂಡನ್ನು ಇಸಿದುಕೊಂಡು ತುದಿಗೆ ಲೈಟರ್ ಹಿಡಿದ. ನನ್ನ ಅಪರೂಪದ ತಾಮ್ರ ಮುದುಡಿ, ಕರಗಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟಿತು.

“ಇದು ಗೋಟು ಐತ್ರಿ. ನಮ್ಮಾಕಿ ಸೀರಿ ಅಂಚಿಗೂ ಇದನ್ನ ಹಚ್ಚ್ಯಾಳ. ಇದರಾಗ ಕರೆಂಟ್ ಹೋಗಂಗಿಲ್ರಿ, ಸೂಜಿ ಹೋಗತೈತಿ.” ಆಮೇಲೆ ಬಹಳ ಮರ್ಯಾದೆಯಿಂದ, “ತಾವು ಯಾವ ಆಫೀಸಿನ್ಯಾಗ ಇದ್ರಿ?” ಎಂದ.

“ಬ್ಯಾಂಕಿನ್ಯಾಗ,” ಎಂದೆ.

ನಿಜವಾದ ತಂತಿ ಹಿಡಿದು ಮನೆಗೆ ಬಂದು, ತಪ್ಪನ್ನು ಸುಧಾಳ ತಲೆಗೆ ಕಟ್ಟುವ ಸಣ್ಣದೊಂದು ಪ್ರಯತ್ನ ಮಾಡಿದೆ.

“ಅಲ್ರೀ, ಇದ ಅಗಲ, ಇದ ಹೆಣಿಗಿ, ಇದ ಬಣ್ಣ ಅಂದ್ರಿ. ಮೂರೂ ತಪ್ಪದಂಗ ತಂದೆ. ಮಷಿನ್ನಿಗೆ ಅಂಚು ಹಚ್ಚತೀರಿ ಅಂತ ತಿಳದೆ. ನಂದು ಒಂದು ದಿನದ ತಪ್ಪು. ನಿಮ್ಮದು ಮೂವತ್ತೊಂದು ವರ್ಷದ್ದು!”

ಹೇಳಿದವಳಿಗೇ ನಗು ಬಂತು. ನಕ್ಕು ನಕ್ಕು ದಿವಾನದ ಮೇಲೆ ಕುಸಿದಳು. ಅಷ್ಟು ನಕ್ಕವರು ಗುಜರಿಯವನಿಗೆ ಫೋನ್ ಮಾಡಲಾರರು ಎಂದು ನನಗೆ ಧೈರ್ಯ ಬಂತು. ಸೋರುತ್ತಿದ್ದ ವೈರನ್ನು ಹುಡುಕಿ ಬದಲಿಸಿದೆ, ತಾಮ್ರದ ಜಡೆ ಹಾಕಿದೆ, ಅಟ್ಟದಿಂದ ಮೀಟರ್ ಇಳಿಸಿದೆ, ಕೊನೆಗೆ ಅವಳ ಎದುರಿಗೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಎರಡೂ ಕೈಯಿಂದ ಮುಟ್ಟಿದೆ. ಅದು ಅವಳ ಹೊಸ ಷರತ್ತು.

ಸಂಕ್ರಾಂತಿಗೆ ಬಂದ ಹೆಣ್ಣುಮಕ್ಕಳು ಎಳ್ಳು-ಬೆಲ್ಲ ಮುಗಿಸಿ ಮಷಿನ್ನಿನ ಮುಂದೆ ಪಾಳಿ ಹಚ್ಚಿದರು. ಯಾರಿಗೂ ಜುಮ್ ಅನ್ನಲಿಲ್ಲ. ಎಲ್ಲರೂ ಹೊಗಳಿದ್ದು ಮಷಿನ್ನಿನ ಬಟ್ಟೆಯ ಮುಸುಕನ್ನು: ನಾನು ಕಿತ್ತು ಹಾಕಿದ ಗೋಟನ್ನು ಸುಧಾ ಅದರ ಅಂಚಿಗೆ ಹೊಲಿದಿದ್ದಳು. ಒಳಗಿನ ತಾಮ್ರದ ಬಗ್ಗೆ ಒಬ್ಬರೂ ಕೇಳಲಿಲ್ಲ. ಕೇಳುವಂಥದ್ದನ್ನು ಅದು ಏನೂ ಮಾಡುವುದೂ ಇಲ್ಲ.

ಈಗ ಊಟವಾದ ಮೇಲೆ ಸುಧಾ ದಿನಾ ಬಂದು, ನನ್ನ ಮುಖ ಸಹ ನೋಡದೆ, ಎರಡೂ ಅಂಗೈಯನ್ನು ಲೋಹದ ಅಂಚಿನ ಮೇಲೆ ಇಟ್ಟು ಆಟಕ್ಕೆ ನಿಲ್ಲುತ್ತಾಳೆ. ನಿವೃತ್ತಿಯ ದಿನ ಹೊದಿಸಿದ ಶಾಲಿಗಿಂತ ನನಗೆ ಅದು ದೊಡ್ಡ ಸನ್ಮಾನ. ಅವಳಿಗೆ ನನ್ನ ಕೆಲಸದ ಮೇಲೆ ಅಷ್ಟು ನಂಬಿಕೆ. ನಾನು ಮಾತ್ರ ಇನ್ನೂ ರಬ್ಬರ್ ಚಪ್ಪಲಿ ಹಾಕಿಕೊಂಡೇ ಆಡುತ್ತೇನೆ.