ಉಸ್ತಾದರ ಗುರುವಿನ ಮುದ್ರೆ

ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ, ಎಂಟನೇ ಕ್ಲಾಸು ಇನ್ನೂ ನಡೆಯುತ್ತಿರುವಾಗಲೇ ನಾನು ಶಾಲೆ ಬಿಟ್ಟೆ. ಬಿಟ್ಟ ವಾರದಲ್ಲೇ ತುಮಕೂರಿನಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಗೆ ಸೇರಿಕೊಂಡೆ. ಅಲ್ಲಿ ಕಲಿತ ಮೊದಲ ಕೆಲಸವೆಂದರೆ ಮೈದಾಹಿಟ್ಟಿನ ಅಂಟು ಕಾಯಿಸುವುದು. ಅರ್ಧ ಅಡುಗೆಮನೆಯ ವಾಸನೆ, ಅರ್ಧ ಹುಳಿ ಬಂದ ವಾಸನೆ. ಈಗ ಎಲ್ಲ ಕಡೆ ಡಬ್ಬಿಯ ಗಮ್ಮು, ಸ್ಪ್ರೇ, ಬಿಸಿ ಪ್ರೆಸ್ಸು. ಮೊನ್ನೆ ಇಲ್ಲಿ ದುಬೈನಲ್ಲಿ, ನಮ್ಮ ಕರಾಮದ ಅಂಗಡಿಗೆ ಒಬ್ಬರು ತಮ್ಮ ತಾತನ ಕಾಲದ ನಕ್ಷೆಯೊಂದನ್ನು ತಂದರು. ಮುಟ್ಟಿದರೆ ಪುಡಿಯಾಗುವಂಥ ಕಾಗದ. ಅದಕ್ಕೆ ಸ್ಪ್ರೇ ಹೊಡೆಯಲು ಮನಸ್ಸಾಗದೆ ನಾನೇ ಒಲೆ ಹಚ್ಚಿ, ಮೈದಾ ಕದಡಿ, ಚಿಟಿಕೆ ಪಟಿಕ ಹಾಕಿ ತಿರುವಿದೆ. ಆವಿ ಮುಖಕ್ಕೆ ಬಡಿಯಿತು. ಇದೇ ಊರಿನ ಸತ್ವಾ ಬಡಾವಣೆಯ ಹಳೇ ಅಂಗಡಿಯ ಹಿಂದಿನ ಕೋಣೆ, ಅಲ್ಲಿ ತೋಳು ಮಡಚಿ ನಿಂತ ಉಸ್ತಾದರು... ಅಂಟು ತಳ ಹಿಡಿಯುವವರೆಗೂ ನಾನು ಹಾಗೇ ನಿಂತಿದ್ದೆನಂತೆ.

ಆಗ ಎರಡು ಸಾವಿರದ ಇಸವಿ ಹುಟ್ಟಿ ಸ್ವಲ್ಪ ಕಾಲವಾಗಿತ್ತು. ಸತ್ವಾದ ದರ್ಜಿಗಳ ಸಾಲಿನ ಹಿಂದೆ, ಒಂದು ಗ್ಯಾರೇಜಿನ ಪಕ್ಕ ನಮ್ಮ ಫ್ರೇಮ್ ಅಂಗಡಿ. ಧಣಿಗಳು ಕುಂದಾಪುರದವರು. ಗಿರಾಕಿಗಳ ಮಾತುಕತೆ ಅವರದು, ಕಟ್ಟುವ ಕೆಲಸ ನನ್ನದು. ನಾನು ಕಟ್ಟಿದ ಮೂಲೆಯಲ್ಲಿ ಉಗುರು ತೂರಿಸಿ ನೋಡಿ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಯಾರ ಉಗುರೂ ತೂರಲಿಲ್ಲ. ಊರ ತುಂಬ ಹೋಟೆಲುಗಳು ಏಳುತ್ತಿದ್ದ ಕಾಲ ಅದು. ಕೋಣೆ ಕೋಣೆಗೂ ಚಿತ್ರ ಬೇಕು, ಚಿತ್ರಕ್ಕೆ ಕಟ್ಟು ಬೇಕು.

ಅಂಥದೊಂದು ದಿನ ಉದ್ದನೆಯ ರಟ್ಟಿನ ಕೊಳವೆಯೊಂದನ್ನು ಹೆಗಲಿಗೆ ಹಾಕಿಕೊಂಡು ಅವರು ಬಂದರು. ಅರವತ್ತರ ಹತ್ತಿರದ ಚೀನಾದ ಮನುಷ್ಯ. ಪಿಂಗಾಣಿ ವ್ಯಾಪಾರಕ್ಕೆಂದು ಬಂದ ಅಳಿಯನ ಜೊತೆ ದುಬೈಗೆ ಬಂದಿದ್ದರು. ಅಳಿಯನ ವ್ಯಾಪಾರ ಕೈಕೊಟ್ಟಿತ್ತು. ಕೊಳವೆಯಿಂದ ನಾಲ್ಕು ಚಿತ್ರ ತೆಗೆದು ಹಾಸಿದರು: ಬಿದಿರು, ಗುಬ್ಬಿ, ಕುದುರೆ, ಮಂಜಿನಲ್ಲಿ ಒಂದು ಸೇತುವೆ. ಧಣಿಗಳು ಅವತ್ತೇ ಹಿಂದಿನ ಕೋಣೆಯಲ್ಲಿ ಮೇಜು ಹಾಕಿಸಿಕೊಟ್ಟರು. ಇಲ್ಲಿ ಕೈಕೆಲಸ ಬಲ್ಲವರನ್ನೆಲ್ಲ ಉಸ್ತಾದ್ ಅನ್ನುವುದು ವಾಡಿಕೆ. ನಾವೂ ಹಾಗೇ ಕರೆದೆವು. ಅವರು ನನ್ನನ್ನು ಸದೀಕ್ ಎನ್ನುತ್ತಿದ್ದರು. ಅರಬ್ಬಿಯಲ್ಲಿ ಗೆಳೆಯ ಅಂತ. ಧಣಿಗಳನ್ನು ಅರ್ಬಾಬ್, ಅಂದರೆ ಯಜಮಾನ. ಹಿಂದಿ, ಇಂಗ್ಲಿಷು, ಅರಬ್ಬಿ ಮೂರರ ಚೂರುಪಾರಿನಲ್ಲಿ ನಮ್ಮ ಮಾತು ನಡೆಯುತ್ತಿತ್ತು. ಉಳಿದದ್ದಕ್ಕೆ ಕೈಗಳಿದ್ದವು.

ಮೊದಲ ವಾರವೇ ಗಲಾಟೆ. ಉಸ್ತಾದರು ತಾವು ಬರೆದ ಚಿತ್ರವನ್ನು ಮೇಜಿನ ಮೇಲೆ ಬೋರಲು ಹಾಕಿ, ಇಸ್ತ್ರಿಯವರ ಹಾಗೆ ಅದರ ಮೇಲೆ ನೀರು ಚಿಮುಕಿಸಲು ಶುರುಮಾಡಿದರು. ಧಣಿಗಳು ಎದ್ದುಬಿದ್ದು ಓಡಿಬಂದರು.

"ಹೊಯ್ ಹೊಯ್! ಎಂತ ಮಾರಾಯ್ರೆ ಇದು, ಚಿತ್ರಕ್ಕೆ ಸ್ನಾನ ಮಾಡಿಸೂದಾ?"

"ನೋ ಪ್ರಾಬ್ಲಮ್, ಅರ್ಬಾಬ್. ಇಂಕ್ ಡ್ರಿಂಕ್ ವಾಟರ್. ಇಂಕ್ ಹ್ಯಾಪಿ."

"ಹ್ಯಾಪಿ ಅಂತೆ!" ಧಣಿಗಳು ನನ್ನ ಕಡೆ ತಿರುಗಿದರು. "ಹೋಟೆಲಿನವ ಬಂದು ಕೇಳ್ಲಿ, ಆಗ ಗೊತ್ತಾಗ್ತದೆ ಯಾರು ಹ್ಯಾಪಿ ಅಂತ."

ಮಸಿ ಒಂದಿಷ್ಟೂ ಕದಡಲಿಲ್ಲ. ಒದ್ದೆ ಕಾಗದದ ಬೆನ್ನಿಗೆ ತೆಳ್ಳನೆಯ ಮೈದಾ ಅಂಟು ಸವರಿ, ಇನ್ನೊಂದು ಕಾಗದ ಹೊದಿಸಿ, ಅಗಲವಾದ ಬ್ರಷ್ಷಿನಲ್ಲಿ ತಟ್ಟಿ ಕೂರಿಸಿದರು. ಒಣಗಿದ ಮೇಲೆ ಸುಕ್ಕೆಲ್ಲ ಹೋಗಿ ಕಾಗದ ತಮಟೆಯ ಹಾಗೆ ಬಿಗಿಯಾಗಿತ್ತು. ತುಮಕೂರಿನಲ್ಲಿ ನಾನು ಕಲಿತ ಅಂಟಿನಿಂದ ಇಂಥದ್ದೂ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ. ಕೇಳಿ ಕೇಳಿ ಕಲಿತೆ. ಅವರು ನನ್ನಿಂದ ಮೂಲೆ ಕೂಡಿಸುವುದನ್ನು ಕಲಿತರು. ಹೀಗೆ ನಾವು ಸರಿಸಮರಾದೆವು.

ಒಂದು ಶುಕ್ರವಾರ, ಅಂಗಡಿಗೆ ರಜೆ ಇದ್ದಾಗ, ಅವರು ಆ ಕೊಳವೆಯ ತಳದಿಂದ ಇನ್ನೊಂದು ಚಿತ್ರ ತೆಗೆದರು. ಎಲೆ ಒಂದೂ ಇಲ್ಲದ ಕೊಂಬೆ, ಅದರ ತುಂಬ ದಪ್ಪ ದಪ್ಪ ಕೆಂಪು ಹೂವು. ನಾನು ನೋಡಿದವನೇ, "ಬೂರುಗ! ಇದು ನಮ್ಮ ಕಡೆಯ ಬೂರುಗ!" ಎಂದು ಕೂಗಿಬಿಟ್ಟೆ. ಅವರಿಗೆ ಬಹಳ ಖುಷಿಯಾಯಿತು. ಬೂರುಗ, ಬೂರುಗ ಎಂದು ಹೇಳಿ ಹೇಳಿ ನೋಡಿದರು. ಅವರ ಊರಿನಲ್ಲಿ ಅದಕ್ಕೆ ವೀರರ ಮರ ಎನ್ನುತ್ತಾರಂತೆ.

ಅದು ಅವರ ಗುರು ಬರೆದದ್ದು. ಅವತ್ತು ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಚೀನಾದ ದಕ್ಷಿಣದ ತುದಿಗೆ ಲಿಂಗ್ನಾನ್ ಎಂದು ಹೆಸರು. ನೂರು ವರ್ಷದ ಹಿಂದೆ ಆ ಸೀಮೆಯ ಕೆಲವರು ಜಪಾನಿಗೆ ಹೋಗಿ ಚಿತ್ರ ಕಲಿತು ಬಂದರು. ಬಂದು, ಹಳೇ ಕುಂಚ ಹಳೇ ಮಸಿಯಲ್ಲೇ ಬೆಳಕು, ನೆರಳು, ಮಂಜು ತಂದರು. ಬೆಟ್ಟದ ಪಕ್ಕ ವಿಮಾನ ಬರೆದರು, ಕಬ್ಬಿಣದ ಸೇತುವೆ ಬರೆದರು. ಇದೇನು ನಮ್ಮದೂ ಅಲ್ಲ, ಹೊರಗಿನದೂ ಅಲ್ಲ ಎಂದು ದೊಡ್ಡವರು ಬೈದರಂತೆ. ಅವರ ಶಿಷ್ಯರು, ಶಿಷ್ಯರ ಶಿಷ್ಯರು ಬಿಡದೆ ಬರೆದರು. ಉಸ್ತಾದರ ಗುರು ಆ ಸಾಲಿನವರು. ಹೂವಿಗೆ ಗೆರೆ ಎಳೆಯುವುದೇ ಇಲ್ಲ. ನೇರ ಬಣ್ಣ ಇಟ್ಟು, ಬಣ್ಣ ಹಸಿ ಇರುವಾಗಲೇ ಅದರೊಳಗೆ ಒಂದು ಹನಿ ನೀರು ಬಿಡುವುದು. ನೀರು ಬಣ್ಣವನ್ನು ಅಂಚಿಗೆ ತಳ್ಳುತ್ತದೆ, ಅಂಚು ತಾನಾಗಿ ಮೂಡುತ್ತದೆ. "ಹ್ಯಾಂಡ್ ಸ್ಟಾಪ್, ವಾಟರ್ ವರ್ಕ್," ಎಂದು ಕೈ ಹಿಂದಕ್ಕೆಳೆದು ತೋರಿಸಿದರು.

ನಂತರ ಅಲ್ಲಿ ಕೆಟ್ಟ ಕಾಲ ಬಂತು. ಹಳೆಯದನ್ನೆಲ್ಲ ಸುಡಿ ಎಂಬ ಕಾಲ. ಗುರುವಿನ ಚಿತ್ರಗಳು ಬೀದಿಯಲ್ಲಿ ಉರಿದವು. ಅವರನ್ನು ಬೀಸಣಿಗೆಗೆ ಬಣ್ಣ ಹಚ್ಚುವ ಕಾರ್ಖಾನೆಗೆ ಹಾಕಿದರು. ಆ ದಿನಗಳಲ್ಲಿ ಬಾಗಿಲು ಹಾಕಿಕೊಂಡು ಬರೆದದ್ದು ಈ ಬೂರುಗ. ಅವರಲ್ಲಿ ಚಿತ್ರ ಮುಗಿಯುವುದು ಬರೆದವರು ತಮ್ಮ ಕಲ್ಲಿನ ಮುದ್ರೆಯನ್ನು ಕೆಂಪು ಮುಲಾಮಿನಲ್ಲಿ ಅದ್ದಿ ಮೂಲೆಗೆ ಒತ್ತಿದಾಗಲೇ. ಆದರೆ ಹೆಸರು ಕಂಡರೆ ಅಪಾಯ. ಮುದ್ರೆ ಇದ್ದಿಲಿನ ಗುಡ್ಡೆಯೊಳಗೆ ಅಡಗಿತ್ತು. ಚಿತ್ರವನ್ನು ಮಡಚಿ ರಜಾಯಿಯೊಳಗೆ ಹೊಲಿದಿಟ್ಟರು. ಕಾಲ ತಿಳಿಯಾಗಲಿ, ಆಮೇಲೆ ಒತ್ತುತ್ತೇನೆ ಎಂದರಂತೆ ಗುರು. ತಿಳಿಯಾಗುವ ಹೊತ್ತಿಗೆ ಅವರೇ ಇರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಚಿತ್ರವೂ ಮುದ್ರೆಯೂ ಉಸ್ತಾದರ ಕೈಗೆ ಬಂದವು. ಬೇರೆ ಬೇರೆಯಾಗಿ...

"ನೀವೇ ಒತ್ತಬಹುದಿತ್ತಲ್ಲ?" ಎಂದು ಕೇಳಿದೆ. ಅವರು ಗಾಬರಿಯಿಂದ ಎರಡೂ ಕೈ ಅಲ್ಲಾಡಿಸಿದರು. ಗುರು ಸತ್ತ ಮೇಲೆ ಗುರುವಿನ ಮುದ್ರೆ ಮಲಗಿದ ಹಾಗೆ. ಶಿಷ್ಯ ಎಬ್ಬಿಸಬಾರದು.

ಕೆಲವು ತಿಂಗಳಾದ ಮೇಲೆ ಅಬುಧಾಬಿಯಿಂದ ಒಬ್ಬ ಮೇಡಂ ಬಂದರು. ಅಲ್ಲಿನ ದೊಡ್ಡ ಮನೆತನದವರು ಹೊಸದಾಗಿ ಕಟ್ಟಿಸುತ್ತಿದ್ದ ಭವನಕ್ಕೆ ಚಿತ್ರ ಕೂಡಿಸುವ ಕೆಲಸ ಅವರದು. ಕಟ್ಟಿನ ವಿಚಾರ ಮಾತಾಡಲು ಬಂದವರು ಹಿಂದಿನ ಕೋಣೆಯ ಹಲಗೆಯ ಮೇಲೆ, ಉಸ್ತಾದರು ಬೆನ್ನಿಗೆ ಕಾಗದ ಅಂಟಿಸಿ ಒಣಗಲು ಬಿಟ್ಟಿದ್ದ ಬೂರುಗ ಕಂಡು ನಿಂತುಬಿಟ್ಟರು. ಬಹಳ ಹೊತ್ತು ನೋಡಿದರು. ತಿಳಿದ ಹೆಂಗಸು, ಮರ್ಯಾದೆಯಿಂದಲೇ ಮಾತಾಡಿದರು. ಚಿತ್ರ ಬಹಳ ಚೆನ್ನಾಗಿದೆ, ತೆಗೆದುಕೊಳ್ಳುತ್ತೇನೆ, ಆದರೆ ಸಹಿ ಇಲ್ಲ ಮುದ್ರೆ ಇಲ್ಲ, ಹಾಗಾಗಿ ಕೆಳಗಿನ ಪಟ್ಟಿಯಲ್ಲಿ 'ದಕ್ಷಿಣ ಚೀನಾ, ಬರೆದವರು ಗೊತ್ತಿಲ್ಲ' ಎಂದು ಹಾಕಬೇಕಾಗುತ್ತದೆ ಎಂದರು.

ಉಸ್ತಾದರು ಗುರುವಿನ ಹೆಸರು ಹೇಳಿದರು. ಮತ್ತೆ ಹೇಳಿದರು.

"ನಾನು ನಂಬುತ್ತೇನೆ," ಎಂದರು ಮೇಡಂ. "ಕಾಗದ ಹೇಳುತ್ತಿಲ್ಲವಲ್ಲ." ಚೀನಾದ ಚಿತ್ರಗಳನ್ನು ಬಲ್ಲ ಒಬ್ಬರನ್ನು ಕರೆದುಕೊಂಡು ಮತ್ತೆ ಬರುವುದಾಗಿ ಹೇಳಿ ಹೋದರು.

ಗೊತ್ತಿಲ್ಲ ಎಂಬ ಆ ಒಂದು ಮಾತು ಉಸ್ತಾದರನ್ನು ತಿಂದುಹಾಕಿತು. ದುಡ್ಡಿನ ಆಸೆ ಅವರಿಗೆ ಇರಲಿಲ್ಲ, ಇದನ್ನು ನಾನು ಯಾರೆದುರೂ ಹೇಳುತ್ತೇನೆ. ಸುಟ್ಟವರಿಗೆ ಸಿಕ್ಕದೆ ಉಳಿದ ಒಂದೇ ಚಿತ್ರ. ಸಾವಿರ ಜನ ನೋಡುವ ಗೋಡೆಯ ಮೇಲೆ ಅದು ಏರಬೇಕು, ಅಡಿಯಲ್ಲಿ ಗುರುವಿನ ಹೆಸರಿರಬೇಕು. ಅಷ್ಟೇ ಅವರ ಆಸೆ. ಕುಂಚ ಹಿಡಿದು ಸುಮ್ಮನೆ ಕೂರುತ್ತಿದ್ದರು. ಧಣಿಗಳಿಗೆ ನೋಡಲಾಗಲಿಲ್ಲ.

"ಅಲ್ಲ ಮಾರಾಯ್ರೆ, ಚಿತ್ರ ಅವರದ್ದೇ, ಸೀಲೂ ಅವರದ್ದೇ. ಒತ್ತಿದ್ರೆ ಎಂತ ಲೋಕ ಮುಳುಗ್ತದಾ? ಒತ್ತಿ ಬಿಡಿ, ಖಲಾಸ್."

ನನಗೆ ಸರಿ ಕಾಣಲಿಲ್ಲ. ನಮ್ಮ ಕಡೆ ಸತ್ತವರ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಪತ್ರಕ್ಕೆ ಒತ್ತಿಸಿಕೊಂಡವರ ಸುದ್ದಿ ಕೇಳುತ್ತಾ ಬೆಳೆದವನು ನಾನು. ಹೆಬ್ಬೆಟ್ಟು ಆ ಮನುಷ್ಯನದೇ, ಜಮೀನೂ ಅವನದೇ, ಆದರೂ... ನನ್ನ ಹೆಬ್ಬೆರಳು ತೋರಿಸಿ, "ಉಸ್ತಾದ್, ಡೆಡ್ ಮ್ಯಾನ್. ಬೇಡ," ಎಂದೆ.

ಅವರಿಗೆ ಅರ್ಥವಾಯಿತು. "ಸದೀಕ್," ಎಂದರು, "ಐ ಆಮ್ ಓಲ್ಡ್. ಟುಮಾರೋ ಐ ಡೈ. ದೆನ್ ಹಿಸ್ ನೇಮ್, ಹೂ ನೋ?"

ನಾನು ಹೆಬ್ಬೆರಳು ಮಡಚಿಕೊಂಡು ಕೆಲಸಕ್ಕೆ ಹೋದೆ.

ಮಾರನೇ ಬೆಳಿಗ್ಗೆ ಅವರು ಕೈಕಾಲು ತೊಳೆದು, ಒಗೆದ ಶರ್ಟು ತೊಟ್ಟು ಬಂದರು. ಬಟ್ಟೆಯ ಗಂಟು ಬಿಚ್ಚಿ ಮುದ್ರೆ ತೆಗೆದರು. ಹೆಬ್ಬೆರಳಿನ ಗಾತ್ರದ ಕಲ್ಲು. ಕೆಂಪು ಮುಲಾಮಿನಲ್ಲಿ ಅದ್ದಿ, ಅದರ ಮೇಲೆ ನಾಲ್ಕು ಸಲ ಉಸಿರು ಬಿಟ್ಟು, ಎಡಗಡೆಯ ಕೆಳಮೂಲೆಗೆ ಒತ್ತಿದರು. ಎತ್ತಿದಾಗ ಅಲ್ಲೊಂದು ಪುಟ್ಟ ಕೆಂಪು ಚೌಕ. ಹೇಳಿದರೆ ನಂಬಬೇಕು, ಇಡೀ ಚಿತ್ರಕ್ಕೆ ಆಗ ಜೀವ ಬಂತು. ನನಗೂ ಹಾಗೇ ಅನ್ನಿಸಿತು. ಆ ವಾರವೆಲ್ಲ ಉಸ್ತಾದರು ಗುನುಗುತ್ತಾ ಕೆಲಸ ಮಾಡಿದರು. ಧಣಿಗಳಿಗೆ ಅವರೇ ಕರಕ್ ಚಹಾ ತರಿಸಿಕೊಟ್ಟರು.

ಮೇಡಂ ಜೊತೆ ಬಂದವರು ಬಿಳಿ ಕೂದಲಿನ, ಮೆತ್ತನೆ ಮಾತಿನ ಚೀನೀಯರು. ಹೂವಿನ ಹತ್ತಿರ ಬಗ್ಗಿ ತಲೆದೂಗಿದರು. ಉಸ್ತಾದರ ಮುಖ ಅರಳಿತು. ಆಮೇಲೆ ಮೇಡಂ, ಅವತ್ತು ಇರದಿದ್ದ ಮುದ್ರೆಯತ್ತ ಬೆರಳು ತೋರಿಸಿದರು. ಭೂತಗನ್ನಡಿ ಆ ಮೂಲೆಗೆ ಬಂತು. ಅಲ್ಲೇ ನಿಂತಿತು. ರಜಾಯಿಯೊಳಗೆ ಮಡಚಿಟ್ಟ ಕಾಲದ ಮಡಿಕೆಯ ಗೆರೆಯೊಂದು ಆ ಮೂಲೆಯಲ್ಲಿ ಹಾದುಹೋಗಿತ್ತು. ಉಸ್ತಾದರು ಅಂಟು ಹಾಕಿ ಎಳೆದು ಕೂರಿಸಿದ್ದರಿಂದ ಬರಿಗಣ್ಣಿಗೆ ಅದು ಕಾಣುತ್ತಿರಲಿಲ್ಲ. ಗಾಜಿನಡಿ ಕಂಡಿತು. ಮಡಿಕೆಯಲ್ಲಿ ಎಳೆ ಹರಿದ ಜಾಗದೊಳಕ್ಕೆ ಕೆಂಪು ಇಳಿದಿತ್ತು. ಅಂದರೆ ಮಡಿಕೆ ಮೊದಲು, ಮುದ್ರೆ ಆಮೇಲೆ. ಆ ಹಿರಿಯರು ಹತ್ತಿ ತಾಗಿಸಿದರು. ಹತ್ತಿ ಕೆಂಪಾಯಿತು. ಮುದ್ರೆ ಇನ್ನೂ ಹಸಿ.

ಉಸ್ತಾದರನ್ನು ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಸುಳ್ಳು ಹೇಳಲು ಉಸ್ತಾದರಿಗೆ ಜಾಗವಿತ್ತು. ಗುರುವೇ ಒತ್ತಿದ್ದು ಮಾಸಿ ಕಾಣದಾಗಿತ್ತು, ಅದರ ಮೇಲೇ ಬಣ್ಣ ಕೊಟ್ಟೆ ಎನ್ನಬಹುದಿತ್ತು. ಅವರು ನಾನೇ ಎಂಬಂತೆ ತಮ್ಮ ಎದೆ ಮುಟ್ಟಿ ತೋರಿಸಿದರು.

ನಾನು ತಡೆಯಲಾರದೆ ಮುಂದೆ ಬಂದೆ. "ಮೇಡಂ, ಮುದ್ರೆ ಇಲ್ಲದಾಗ ನೀವೇ ನೋಡಿದ್ದೀರಿ. ಅದೇ ಚಿತ್ರ ಅಲ್ಲವಾ ಇದು?"

"ಅದೇ ಚಿತ್ರ. ಅವತ್ತು ಅದು ಸುಮ್ಮನಿತ್ತು. ಇವತ್ತು ಸುಳ್ಳು ಹೇಳುತ್ತಿದೆ," ಎಂದರು. ಅವರ ಕಣ್ಣು ತುಂಬಿತ್ತು, ಅದನ್ನೂ ಬರೆಯಬೇಕು. ಸತ್ತವರ ಮುದ್ರೆಯನ್ನು ಹೊಸದಾಗಿ ಒತ್ತಿದ ಚಿತ್ರವನ್ನು ಹೆಸರಿಲ್ಲದ್ದು ಎಂದು ಕೂಡ ತೆಗೆದುಕೊಳ್ಳಲಾಗುವುದಿಲ್ಲವಂತೆ. ಮುದ್ರೆ ಒತ್ತಿದ ಕೈಯೇ ಚಿತ್ರ ಬರೆದಿಲ್ಲ ಎಂದು ಯಾರು ಹೇಳಬೇಕು?

ಹೊರಡುವ ಮುನ್ನ ಆ ಹಿರಿಯರು ಒಂದು ಪುಟ್ಟ ಪುಸ್ತಕ ತೆಗೆದರು. ಬೇರೆ ಯಾರೂ ಮೋಸಹೋಗದಿರಲಿ ಎಂದು ಇಂಥವನ್ನು ಬರೆದಿಡುವುದು ಅವರ ಪದ್ಧತಿ. ಗುರುವಿನ ಹೆಸರು ಬರೆದು, ಅಕ್ಷರ ಸರಿಯಿದೆಯೇ ನೋಡಿ ಎಂದು ಉಸ್ತಾದರ ಮುಂದೆ ಹಿಡಿದರು. ಉಸ್ತಾದರು ನೋಡಿದರು. ಒಂದು ಗೆರೆ ತಪ್ಪಿತ್ತೋ ಏನೋ, ಪೆನ್ನು ಇಸಿದುಕೊಂಡು ತಿದ್ದಿಕೊಟ್ಟರು. ಆ ಹೆಸರನ್ನು ದೊಡ್ಡವರೊಬ್ಬರು ಬರೆದುಕೊಂಡದ್ದು ಅವತ್ತೇ ಮೊದಲು. ನಕಲಿ ಎಂದು.

ಅವರಿಬ್ಬರೂ ಹೋದರು. ಧಣಿಗಳು, "ನಾನು ಹೇಳ್ಬಾರ್ದಿತ್ತು ಮಾರಾಯ..." ಎಂದು ನನಗೆ ಅಂದು, ಹೊರಗೆ ಹೋಗಿ ನಿಂತರು. ಉಸ್ತಾದರು ನಾವು ಗಾಜಿನ ಅಂಚು ಉಜ್ಜುವ ಚಕ್ರವನ್ನು ತಿರುಗಿಸಿ ಮುದ್ರೆಯ ಹೆಸರು ಕೆತ್ತಿದ ಮುಖವನ್ನು ಅದಕ್ಕೆ ಹಿಡಿದರು. ನೀರಿನ ಜೊತೆ ಕೆಂಪಗೆ ಸ್ವಲ್ಪ ಹರಿಯಿತು, ಆಮೇಲೆ ಬೆಳ್ಳಗೆ. ನಾನು ಸ್ವಿಚ್ಚು ಆರಿಸಬಹುದಿತ್ತು. ಅವರ ಮುಖ ನೋಡಿ ಕೈ ಹೋಗಲಿಲ್ಲ.

ಬೇಸಿಗೆ ಮುಗಿಯುವ ಮೊದಲೇ ವೀಸಾ ಮುಗಿಸಿಕೊಂಡು ಊರಿಗೆ ಹೊರಟರು. ಬೂರುಗವನ್ನು ಕೊಳವೆಗೆ ಹಾಕಿಕೊಂಡೇ ಹೋದರು. ಟ್ಯಾಕ್ಸಿಯ ಹತ್ತಿರ ನನ್ನ ಕೈ ಹಿಡಿದು ಗುರುವಿನ ಹೆಸರು ಹೇಳಿಸಿದರು. ಸರಿಯಾಗಿ ಬರುವವರೆಗೂ ಬಿಡಲಿಲ್ಲ. ಬಂದ ಮೇಲೆ, "ಯೂ ನೋ ಟೆಲ್. ಯೂ ಓನ್ಲಿ ಕೀಪ್," ಎಂದರು. ಆಮೇಲೆ ಫೋನಿಲ್ಲ, ಸುದ್ದಿಯಿಲ್ಲ. ಇದ್ದಾರೋ ಇಲ್ಲವೋ...

ಲಿಂಗ್ನಾನ್ ಚಿತ್ರಗಳಿಗೆ ಈಗ ಬಹಳ ಬೆಲೆ ಬಂದಿದೆಯಂತೆ. ಹೋದ ವರ್ಷ ಚೀನಾದ ಹುಡುಗಿಯೊಬ್ಬಳು ಬೂರುಗದ ಅಚ್ಚಿನ ಪಟವೊಂದನ್ನು ಕಟ್ಟು ಹಾಕಿಸಲು ತಂದಿದ್ದಳು. ಅವಳ ಫೋನಿನಲ್ಲಿ ಯಾವ ಚಿತ್ರಗಾರನ ಹೆಸರು ಕೊಟ್ಟರೂ ಚರಿತ್ರೆ ಬರುತ್ತದೆಂದು ತೋರಿಸಿದಳು. ನನ್ನ ನಾಲಗೆಯ ತುದಿಗೆ ಆ ಹೆಸರು ಬಂತು. ಹೇಳಿದರೆ ಏನು ಬರುತ್ತದೆ? ಏನೂ ಬರದಿದ್ದರೆ ಒಂದು ಕಷ್ಟ, ಆ ಪುಸ್ತಕದಲ್ಲಿ ಬರೆದದ್ದು ಬಂದರೆ ಇನ್ನೊಂದು. ನಾಳಿದ್ದು ಬನ್ನಿ, ರೆಡಿ ಇರುತ್ತದೆ ಎಂದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಕರಾಮದಲ್ಲಿ ಒಂದು ಅಂಗಡಿ. ಮೂವರು ಕೆಲಸದವರು. ತುಮಕೂರಿನಲ್ಲಿ ಒಂದು ಮನೆ. ನಾನು ಓದದ್ದನ್ನೆಲ್ಲ ಓದಿದ ಇಬ್ಬರು ಹೆಣ್ಣುಮಕ್ಕಳು. ಯಾರಿಗೂ ಹೇಳದ ಒಂದು ಹೆಸರು.