ಕಿಯೋ ಅಜ್ಜಿ ಕೊಟ್ಟ ಕಾಗದದ ಗೊಂಬೆ

ನನ್ನ ತಮ್ಮ ಗುಂಡ ಸತ್ತದ್ದು ನ್ಯುಮೋನಿಯಾದಿಂದ. ಆಸ್ಪತ್ರೆಗೆ ತಡವಾಗಿ ಕರೆದೊಯ್ದರು, ಸತ್ತ. ಅಷ್ಟೇ. ಗೊಂಬೆ ಕೊಂದಿತು ಎಂದು ಅಮ್ಮ ತಾನು ಸಾಯುವವರೆಗೂ ಹೇಳುತ್ತಿದ್ದಳು. ಗೊಂಬೆ ಕೊಲ್ಲುವುದೂ ಇಲ್ಲ, ಉಳಿಸುವುದೂ ಇಲ್ಲ.

ಆಗ ನನಗೆ ಒಂಬತ್ತು. ಮೈಸೂರಿನಿಂದ ಅಮೆರಿಕಕ್ಕೆ ಬಂದು ಸ್ಕೋಕಿ ಎಂಬ ಊರಲ್ಲಿ ಮಹಡಿ ಮೇಲಿನ ಮನೆಯಲ್ಲಿದ್ದೆವು. ಆ ಕಾಲದಲ್ಲಿ ಕೊತ್ತಂಬರಿ ಸೊಪ್ಪಿಗೂ ಬಸ್ ಹತ್ತಬೇಕಿತ್ತು. ಕನ್ನಡ ಕೇಳಬೇಕೆಂದರೆ ಅಮ್ಮನ ಬೈಗುಳವೇ ಗತಿ. ಕೆಳಗಿನ ಮನೆಯಲ್ಲಿ ಜಪಾನಿನ ಕಿಯೋ ಅಜ್ಜಿ ಒಬ್ಬರೇ ಇದ್ದರು. ಅವರು ಮೀನು ಸುಡುವ ವಾಸನೆಗೆ ಅಮ್ಮ ಮೂಗು ಮುಚ್ಚಿಕೊಂಡೇ ಮೆಟ್ಟಿಲಿಳಿಯುತ್ತಿದ್ದಳು.

ಮಾರ್ಚ್ ಬರುತ್ತಲೇ ಅಜ್ಜಿ ತಮ್ಮ ದೇಶದ ಗೊಂಬೆ ಹಬ್ಬಕ್ಕೆ ಕೆಂಪು ಬಟ್ಟೆ ಹಾಸಿ, ಮೆಟ್ಟಿಲು ಕಟ್ಟಿ, ರಾಜ ರಾಣಿಯ ಗೊಂಬೆ ಕೂರಿಸಿದರು. ಬಾಗಿಲಲ್ಲಿ ನಿಂತು ನೋಡಿದ ಅಮ್ಮ ಗಲ್ಲಕ್ಕೆ ಕೈ ಹಚ್ಚಿದಳು.

“ಅಯ್ಯೋ, ಇವ್ರೂ ಪಟ್ಟದ ಗೊಂಬೆ ಕೂರಿಸ್ತಾರೆ ಕಣೇ! ನಮ್ಮೋರೇ ಇವ್ರು!”

ಅವತ್ತಿನಿಂದ ಮೀನು ನಾರಲಿಲ್ಲ. ಅಜ್ಜಿ ನಮಗೆ ಬಣ್ಣದ ಸಿಹಿ ಪುರಿ ಕೊಟ್ಟರು. ಎರಡು ವರ್ಷದ ಗುಂಡನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೊಳೆಯಲ್ಲಿ ತೇಲಿಬಂದ ಹಣ್ಣಿನೊಳಗಿಂದ ಹುಡುಗ ಹುಟ್ಟಿದ ಕಥೆ ಹೇಳಿದರು. “ಪೀಚ್ ಬಾಯ್!” ಎಂದು ಅವನ ಕೆನ್ನೆ ಹಿಂಡಿದರು.

ಅದೇ ವಾರ ಗುಂಡನಿಗೆ ಜ್ವರ. “ಶೀತ ಕಣೇ, ಹೋಗತ್ತೆ” ಎಂದು ಅಪ್ಪ ಕೆಲಸಕ್ಕೆ ಹೋದರು. ಮಗು ಹಾಲು ಮುಟ್ಟಲಿಲ್ಲ, ಎದೆ ಗೊರಗೊರ ಎನ್ನುತ್ತಿತ್ತು. ಅಜ್ಜಿ ಒಂದು ಕಾಗದದ ಗೊಂಬೆ ಮಡಚಿ ತಂದರು. ಇದರಿಂದ ಮಗುವಿನ ಮೈ ಸವರಿ ಹರಿಯುವ ನೀರಿಗೆ ಬಿಡಿ, ಕಾಯಿಲೆ ಅದರ ಜೊತೆ ಹೋಗುತ್ತದೆ ಎಂದರು. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ.

ಅಮ್ಮ ತಲೆಯಿಂದ ಪಾದದವರೆಗೆ ಸವರಿದಳು. ನೀರಿಗೆ ಬಿಡಲು ಮಾತ್ರ ಮನಸ್ಸು ಬರಲಿಲ್ಲ.

“ಮಗು ಮೈ ಮುಟ್ಟಿದ ಗೊಂಬೆನ ಯಾರಾದ್ರೂ ಎಸೀತಾರಾ?”

ತವರಿನಿಂದ ತಂದಿದ್ದ ಮರದ ಪಟ್ಟದ ಗೊಂಬೆಗಳ ನಡುವೆ ಅದನ್ನು ಕೂರಿಸಿ ಕುಂಕುಮ ಇಟ್ಟಳು. ಅದನ್ನು ಕಂಡ ಕಿಯೋ ಅಜ್ಜಿಯ ಮುಖ ಬಿಳುಚಿಕೊಂಡಿತು.

“ನೋ ಕೀಪ್! ರಿವರ್! ಟುಡೇ!”

“ಇವತ್ತು ಶುಕ್ರವಾರ. ಗೊಂಬೆ ಹೊಸಿಲು ದಾಟಲ್ಲ ಅಂತ ಹೇಳೇ ಇವ್ರಿಗೆ,” ಎಂದಳು ಅಮ್ಮ.

ಇಬ್ಬರೂ ಅಳುತ್ತಿದ್ದರು. ಡಾಕ್ಟರಿಗೆ ಫೋನ್ ಮಾಡಲು ಇಬ್ಬರಿಗೂ ಹೊಳೆಯಲಿಲ್ಲ. ಅಪ್ಪ ಬರುವ ಹೊತ್ತಿಗೆ ಗುಂಡನ ತುಟಿ ನೀಲಿಯಾಗಿತ್ತು. ಮರುದಿನ ಸಂಜೆ ಆಸ್ಪತ್ರೆಯಲ್ಲಿ ಮುಗಿಯಿತು. ಗಂಜಿ ಹಿಡಿದು ಬಂದ ಅಜ್ಜಿಯ ಮುಖಕ್ಕೆ ಅಮ್ಮ ಬಾಗಿಲು ಬಡಿದಳು. “ನಿನ್ನ ಗೊಂಬೆ ನನ್ನ ಮಗೂನ ತಿಂತು!”

ಆಮೇಲೆ ಅಮ್ಮ ನೆಟ್ಟಗಾಗಲಿಲ್ಲ. ಅವಳನ್ನು ಮೈಸೂರಿಗೆ ಕಳಿಸಿದಾಗ ನೋಡಿಕೊಳ್ಳಲು ನಾನೂ ಜೊತೆಗೆ ಹೋದೆ, ನನ್ನ ಶಾಲೆ ಅಲ್ಲಿಗೆ ನಿಂತಿತು. ಈಗ ಮತ್ತೆ ಅಮೆರಿಕಕ್ಕೆ ಬಂದು ವೆಸ್ಟ್‌ಮಂಟಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳಿಗೆ ಈ ಗೊಂಬೆಯ ಸಂಗತಿ ಹೇಳಿದರೆ, “ಅಜ್ಜಿ, ಇಟ್ಸ್ ಜಸ್ಟ್ ಪೇಪರ್” ಎನ್ನುತ್ತಾಳೆ. ನಿಜವೇ. ಇಲ್ಲಿ ಮಗುವಿಗೆ ಜ್ವರ ಬಂದರೆ ಅರ್ಧ ಗಂಟೆಯಲ್ಲಿ ಡಾಕ್ಟರು. ಅದು ಒಳ್ಳೆಯದು. ಆದರೆ ಪಕ್ಕದ ಮನೆಯವರ ಹೆಸರು ನನಗೆ ಗೊತ್ತಿಲ್ಲ. ಕಾಗದ ಮಡಚಿಕೊಂಡು ಓಡಿಬರುವವರು ಯಾರೂ ಇಲ್ಲ.

ಗುಂಡ ಹೋದ ಮರುದಿನ ಬೆಳಿಗ್ಗೆ ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಗುಟುಕು ನೀರೂ ಇಳಿದಿರಲಿಲ್ಲ. ನಾನು ಕೆಳಗಿಳಿದು ಕಿಯೋ ಅಜ್ಜಿಯ ಬಾಗಿಲು ತಟ್ಟಿದೆ. ಇನ್ನೊಂದು ಗೊಂಬೆ ಬೇಕು, ಅಮ್ಮನಿಗೆ ಎಂದೆ. ಅವರು ಮಡಚಿ ಕೊಟ್ಟರು. ಅಮ್ಮನ ಬೆನ್ನು ಸವರಿದೆ, ಅವಳು ಅಲುಗಲಿಲ್ಲ. ಬೀದಿಯಾಚೆಯ ಕಾಲುವೆಗೆ ಓಡಿದೆ. ದಡದ ನೀರು ಹೆಪ್ಪುಗಟ್ಟಿತ್ತು. ಬೂಟಿನ ಹಿಮ್ಮಡಿಯಿಂದ ಕುಟ್ಟಿ ಒಡೆದು, ಹಿಮದ ಮೇಲೆ ಬೋರಲು ಮಲಗಿ, ಕೈಯನ್ನು ಮೊಣಕೈವರೆಗೂ ಇಳಿಸಿ ಗೊಂಬೆಯನ್ನು ಹರಿಯುವ ನೀರಿನೊಳಗೆ ತಳ್ಳಿದೆ.