ಬಾಯಿ ಬಿಟ್ಟು ಕೇಳದ ಜೊವೆಲಿನ್

ನಮ್ಮ ಮನೆಯ ನೆಲಮಾಳಿಗೆಯ ಕೋಣೆಯಲ್ಲಿ ಬಾಡಿಗೆಗೆ ಇದ್ದು ಹೋದವರು ಬಹಳ ಜನ. ಕೆಲವರು ಕಂಬಳಿ ಕೇಳಿದರು, ಕೆಲವರು ಕಾರು ಕೇಳಿದರು, ಒಬ್ಬ ಪುಣ್ಯಾತ್ಮನಂತೂ ನನ್ನ ತಂಗಿಯ ಮಗಳನ್ನೇ ಕೇಳಿದ. ಏನನ್ನೂ ಕೇಳದೆ ಇದ್ದವಳು ಜೊವೆಲಿನ್ ಒಬ್ಬಳೇ. ಅವಳ ಕತೆ ಹೇಳಲು ಕೂತರೆ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟು.

ನಾನು ಕೆನಡಾದ ವಿನ್ನಿಪೆಗ್‌ಗೆ ಬಂದ ಕಾಲದಲ್ಲಿ ಇಲ್ಲಿನ ಹೊಲಿಗೆ ಕಾರ್ಖಾನೆಗಳವರೇ ಫಿಲಿಪೀನ್ಸಿನಿಂದ ನಮ್ಮಂಥ ಹೆಂಗಸರನ್ನು ಕರೆಸಿಕೊಳ್ಳುತ್ತಿದ್ದರು. ಬಂದೆವು, ಹೊಲಿದೆವು, ಇಲ್ಲಿಯವರಾದೆವು. ಈಗಿನವರಿಗೆ ಅಷ್ಟು ಸುಲಭವಿಲ್ಲ. ಮೊದಲು ವಿದ್ಯಾರ್ಥಿಯಾಗಿ ಬರಬೇಕು, ಓದು ಮುಗಿಸಬೇಕು, ಆಮೇಲೆ ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು, ಅದು ಸಿಕ್ಕಿ ಒಂದಷ್ಟು ವರ್ಷ ದುಡಿದ ಮೇಲೆ ನೆಲೆಸುವ ಮಾತು. ಜೊವೆಲಿನ್ ಕಾಬಲ್‌ಫಿನ್ ಅಲ್ಲಿ ಫಿಲಿಪೀನ್ಸಿನಲ್ಲಿ ಶಾಲೆಯ ಟೀಚರಾಗಿದ್ದವಳು. ಇಲ್ಲಿಗೆ ಬಂದು, ತನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರ ಪಕ್ಕದಲ್ಲಿ ಕೂತು, ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋರ್ಸು ಓದಿದಳು. ಗಂಡ ಎಂದೋ ಬಿಟ್ಟುಹೋಗಿದ್ದ. ಮಗಳು ಥಿಯಾ ಊರಿನಲ್ಲಿ ಅಕ್ಕನ ಮನೆಯಲ್ಲಿದ್ದಳು. ಪರ್ಮಿಟ್ ಸಿಕ್ಕರೆ ಮಗಳನ್ನು ಕರೆಸಿಕೊಳ್ಳಬಹುದು. ಓದು, ನಿದ್ದೆಗೆಟ್ಟ ಕಣ್ಣು, ವಾರದ ಕೊನೆಯಲ್ಲಿ ಹೋಟೆಲಿನ ಪಾತ್ರೆ ತೊಳೆಯುವ ಕೆಲಸ ಎಲ್ಲವೂ ಅದೊಂದಕ್ಕಾಗಿ.

ಅವಳ ಕೋಣೆಯ ಹೀಟರ್ ಕೆಟ್ಟು ವಾರವಾದರೂ ನನಗೆ ಗೊತ್ತಾಗಿರಲಿಲ್ಲ. ಬಟ್ಟೆ ಒಗೆಯಲು ಕೆಳಗೆ ಹೋದಾಗ ನೋಡಿದರೆ ಜಾಕೆಟ್ಟು, ಟೋಪಿ, ಕೈಗವಸು ಹಾಕಿಕೊಂಡು ಹಾಸಿಗೆಯ ಮೇಲೆ ಕೂತು ಓದುತ್ತಿದ್ದಾಳೆ.

"ಏನೇ ಇದು? ಹಿಮದ ಗೊಂಬೆ ಆಗ್ಬೇಕು ಅಂತಿದೀಯಾ? ಒಂದು ಮಾತು ಹೇಳೋಕೆ ಏನಾಗಿತ್ತು?"

"ಅಯ್ಯೋ, ಪರವಾಗಿಲ್ಲ ಚಿಕ್ಕಮ್ಮ. ನಿಮಗೆ ಮೊಣಕಾಲು ನೋವು. ಮೆಟ್ಟಿಲು ಇಳಿಯೋದು ಕಷ್ಟ ಅಂತ..."

"ನನ್ನ ಮೊಣಕಾಲು ನಂದು, ನಿನ್ನ ಹೆಣ ಹೊರೋರು ಯಾರು?"

ಅವಳು ನಕ್ಕಳು. ನಗುವುದರಲ್ಲಿ ಮಾತ್ರ ಯಾವತ್ತೂ ಕಡಿಮೆ ಮಾಡಲಿಲ್ಲ. ನಾಚಿಕೆಯೋ, ಮರ್ಯಾದೆಯೋ, ಇನ್ನೊಬ್ಬರಿಗೆ ಭಾರವಾಗಬಾರದೆಂಬ ಹಟವೋ, ನಮ್ಮ ಜನಕ್ಕೆ ಇದು ಹುಟ್ಟಿನಿಂದ ಬಂದದ್ದು. ನನಗೂ ಇತ್ತು. ಕಾರ್ಖಾನೆಯ ಮೇಸ್ತ್ರಿ ಅದನ್ನು ಒಂದೇ ಚಳಿಗಾಲದಲ್ಲಿ ಬಿಡಿಸಿದ.

ಓದಿನ ಮಧ್ಯದಲ್ಲಿ ಅವಳ ಅಪ್ಪ ತೀರಿಕೊಂಡರು. ನಮ್ಮಲ್ಲಿ ದೂರದ ಮಕ್ಕಳು ಬಂದು ಮುಖ ನೋಡುವವರೆಗೂ ಹೆಣದ ಪೆಟ್ಟಿಗೆಯನ್ನು ಮನೆಯ ಹಜಾರದಲ್ಲೇ ಇಟ್ಟುಕೊಂಡಿರುತ್ತಾರೆ. ಬಂದವರಿಗೆಲ್ಲ ಕಾಫಿ, ತಿಂಡಿ, ಇಸ್ಪೀಟು. ಹೂತ ಮೇಲೆ ಮತ್ತೆ ಒಂಬತ್ತು ದಿನದ ಪ್ರಾರ್ಥನೆ. ಜೊವೆಲಿನ್ ಹೋದಳು, ಎಲ್ಲ ಮುಗಿಸಿಕೊಂಡು ಅರ್ಧ ಆಳಾಗಿ ಬಂದಳು.

"ಕಾಲೇಜಿಗೆ ಹೇಳಿ ಹೋಗಿದ್ಯೇನೇ?" ಎಂದು ಕೇಳಿದೆ.

"ಎಲ್ಲಾ ಸರಿ ಮಾಡ್ಕೊಂಡಿದೀನಿ ಚಿಕ್ಕಮ್ಮ," ಎಂದಳು. ನಾನೂ ನಂಬಿದೆ.

ಅವಳು ಸರಿಮಾಡಿಕೊಂಡದ್ದು ಹೇಗೆಂದು ತಿಳಿದದ್ದು ಓದು ಮುಗಿದು, ಗೌನು ತೊಟ್ಟು ಫೋಟೋ ತೆಗೆಸಿಕೊಂಡ ಮೇಲೆ. ನಮ್ಮ ಚರ್ಚಿನ ಹಾಡಿನ ತಂಡದ ಎರ್ನಿ ತಾನೂ ಹೀಗೇ ಓದಲು ಬಂದು ನೆಲೆಸಿದವನು. ಅರ್ಜಿ ತುಂಬುವವರ ಪಕ್ಕದಲ್ಲಿ ಕೂತು ಸಹಾಯ ಮಾಡುವುದು ಅವನಿಗೆ ಹಾಡಿಗಿಂತ ಚೆನ್ನಾಗಿ ಬರುತ್ತದೆ. ನನ್ನ ಅಡುಗೆಮನೆಯ ಮೇಜಿನ ಮೇಲೆ ಅವಳ ಅಂಕಪಟ್ಟಿ ಹರಡಿಕೊಂಡು ನೋಡುತ್ತಿದ್ದವನು ಕಾಫಿ ಲೋಟ ಕೆಳಗಿಟ್ಟ.

"ಈ ಟರ್ಮ್‌ನಲ್ಲಿ ಎರಡು ಸಬ್ಜೆಕ್ಟ್ ಎಲ್ಲಿ ಹೋಯ್ತಮ್ಮ?"

"ಬಿಟ್ಟುಬಿಟ್ಟಿದ್ದೆ ಎರ್ನಿ ಅಣ್ಣ. ಅಪ್ಪ ಹೋಗಿದ್ರಲ್ಲ, ಅವಾಗ. ಉಳಿದಿದ್ದನ್ನ ಊರಿಂದಾನೇ ಬರೆದು ಕಳಿಸಿದೆ. ಬಿಟ್ಟಿದ್ದನ್ನ ಮುಂದಿನ ಟರ್ಮ್‌ನಲ್ಲಿ ಮುಗಿಸಿದೆ."

"ರಜೆ ತಗೊಳ್ಳಲಿಲ್ವಾ?"

"ರಜೆ ಅಂದ್ರೆ ನಮ್ಮ ಕೋರ್ಸಿನ ಫ್ರೀಸೆನ್ ಮೇಡಂನ ಕೇಳ್ಬೇಕಿತ್ತು. ಅವರಿಗೇ ಅಷ್ಟು ಕೆಲಸ ಇರತ್ತೆ. ಸುಮ್ನೆ ಯಾಕೆ ತೊಂದರೆ ಕೊಡೋದು ಅಂತ..."

ಎರ್ನಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. "ಕೊನೇ ಟರ್ಮ್‌ನಲ್ಲಿ ಕಡಿಮೆ ಓದಿದ್ರೆ ನಡೀತಿತ್ತು," ಎಂದ ಅವನು ಮೆಲ್ಲಗೆ. "ಮಧ್ಯದಲ್ಲಿ ಪೂರ್ತಿ ಓದ್ಲೇಬೇಕು, ಇಲ್ಲಾ ಕಾಲೇಜೇ ಒಪ್ಪಿ ರಜೆ ಕೊಟ್ಟಿರ್ಬೇಕು. ಎರಡೂ ಇಲ್ಲ ಅಂದ್ರೆ ಪರ್ಮಿಟ್ ಕೊಡಲ್ಲ ಅಂದ್ಬಿಡ್ತಾರೆ. ಮೇಡಂ ಹತ್ರ ಹೋಗು. ಆಗಿದ್ದನ್ನ ಹೇಳಿ ಒಂದು ಕಾಗದ ಬರೆಸ್ಕೊಂಡು ಬಾ. ನಿನ್ನ ವಿದ್ಯಾರ್ಥಿ ಪರವಾನಗಿ ಮುಗಿಯೋ ಮುಂಚೆ ಅರ್ಜಿ ಹೋಗ್ಬೇಕು."

"ಹೋಗ್ತೀನಿ," ಎಂದಳು. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮನೆಯೆಲ್ಲ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಸೀಗಡಿ, ಕೋಸು, ಬೀನ್ಸ್ ಹಾಕಿ ದೊಡ್ಡ ತಟ್ಟೆ ತುಂಬ ನೂಡಲ್ಸ್ ಮಾಡಿ ನಿಂತಿದ್ದಾಳೆ. ಬರಿಗೈಯಲ್ಲಿ ಹೋಗುವುದುಂಟೇ?

ಕಾರಿನಲ್ಲಿ ಕಾಲೇಜಿಗೆ ಕರೆದುಕೊಂಡು ಹೋದೆ. ನಾನು ಕಾರಿನಲ್ಲೇ ಕಾದೆ, ಅವಳು ಒಳಗೆ ಹೋದಳು. ಬೇಗನೆ ಬಂದಳು, ಮುಖದಲ್ಲಿ ಆ ನಗು.

"ಏನಂದ್ರು?"

"ತುಂಬಾ ಖುಷಿಪಟ್ರು ಚಿಕ್ಕಮ್ಮ. ಮೊಮ್ಮಗು ಹುಟ್ಟಿದೆಯಂತೆ, ಫೋಟೋ ತೋರಿಸಿದ್ರು."

"ಕಾಗದ?"

ಅವಳು ಸೀಟ್ ಬೆಲ್ಟ್ ಹಾಕಿಕೊಂಡಳು.

ನನಗೆ ಮೈಯೆಲ್ಲ ಉರಿಯಿತು. ಹಾಗೆಂದು ಅವಳು ಮಾಡಿದ್ದು ನನಗೆ ಅರ್ಥವಾಗಲಿಲ್ಲವೆಂದೇನೂ ಅಲ್ಲ. ನಮ್ಮಲ್ಲಿ ಕಷ್ಟದಲ್ಲಿರುವವರು ಕಷ್ಟ ಹೇಳಿಕೊಳ್ಳುವುದಿಲ್ಲ, ತಿಂಡಿ ಹಿಡಿದುಕೊಂಡು ಹೋಗುತ್ತಾರೆ. ಮನೆಯವರು ಪಾತ್ರೆ ನೋಡಿದ ಕೂಡಲೇ ಏನೋ ಇದೆ ಎಂದುಕೊಂಡು, ಅದೂ ಇದೂ ಮಾತಾಡುತ್ತ ಬಾಯಿ ಬಿಡಿಸುತ್ತಾರೆ. ಕೇಳುವವರ ಮಾನವೂ ಉಳಿಯಿತು, ಕೊಡುವವರ ಮಾನವೂ ಉಳಿಯಿತು. ಪಾಪ, ಫ್ರೀಸೆನ್ ಮೇಡಂಗೆ ಪಾತ್ರೆ ಓದಲು ಬರುವುದಿಲ್ಲ. ಅವರು ನೂಡಲ್ಸ್ ತಿಂದು, ಚೆನ್ನಾಗಿದೆಯೆಂದು ಹೇಳಿ, ತಟ್ಟೆ ತೊಳೆದು ವಾಪಸು ಕಳಿಸಿದರು.

ಎರಡನೆಯ ಸಲ ತೆಂಗಿನಹಾಲು, ಬೆಲ್ಲ ಹಾಕಿದ ಅಂಟಕ್ಕಿಯ ಸಿಹಿ. ಈ ಸಲ ನಾನೂ ಒಳಗೆ ಹೋದೆ. ಮೇಡಂ ಕುರ್ಚಿ ಎಳೆದು ಕೂರಿಸಿದರು. ಹವೆಯ ಬಗ್ಗೆ ಮಾತಾಯಿತು, ಮೊಮ್ಮಗುವಿನ ಬಗ್ಗೆ ಮಾತಾಯಿತು, ಅಂಟಕ್ಕಿಯ ಬಗ್ಗೆಯೂ ಆಯಿತು. ಜೊವೆಲಿನ್ ಎದ್ದು, "ಬರ್ತೀವಿ ಮೇಡಂ," ಎಂದಳು! ನಾನು ಬಾಗಿಲಿಗೆ ಅಡ್ಡ ನಿಂತು ಅವಳ ತೋಳು ಚಿವುಟಿದೆ. ನಮ್ಮ ಭಾಷೆಯಲ್ಲಿ ಹೇಳಿದೆ:

"ನಿನ್ನ ಮಗಳು ಅಲ್ಲಿ ಬೇರೆಯವರ ಮನೇಲಿ ಬೆಳೀತಿದಾಳೆ. ನೀನಿಲ್ಲಿ ಮರ್ಯಾದೆ ಕಾಪಾಡ್ಕೊಂಡು ನಿಂತಿದೀಯಾ? ಕೇಳೇ!"

ಅವಳು ತಿರುಗಿದಳು. ನೆಲ ನೋಡುತ್ತ, ಅಪ್ಪ ಸತ್ತದ್ದು, ಎರಡು ವಿಷಯ ಬಿಟ್ಟದ್ದು, ಈಗ ಕಾಗದ ಬೇಕಾದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮೇಡಂ ಕನ್ನಡಕ ತೆಗೆದರು.

"ನಿನ್ನ ತಂದೆ ತೀರ್ಕೊಂಡಿದ್ರಾ? ವಾಪಸ್ ಬಂದು ಇದೇ ಕ್ಲಾಸಲ್ಲಿ ಕೂತಿದ್ದೆ, ನಕ್ಕೊಂಡು ಮಾತಾಡ್ತಿದ್ದೆ. ಒಂದು ಮಾತು ಹೇಳ್ಲಿಲ್ಲ ನೀನು."

"ನಿಮಗೆ ತೊಂದರೆ ಆಗತ್ತೆ ಅಂತ ಮೇಡಂ."

"ತೊಂದರೆ? ಅವತ್ತು ಕೇಳಿದ್ರೆ ನಿಂತ ನಿಲುವಲ್ಲೇ ರಜೆ ಕೊಟ್ಟು ಕಾಗದ ಬರೆದುಕೊಡ್ತಿದ್ದೆ. ಈಗ ನಾನೇ ರಜೆ ಕೊಟ್ಟಿದ್ದೆ ಅಂತ ಹೇಗೆ ಬರೀಲಿ ಜೊವೆಲಿನ್? ನಾನು ಕೊಟ್ಟಿರ್ಲಿಲ್ಲ." ಆ ಹೆಂಗಸಿನ ಕಣ್ಣಲ್ಲಿ ನೀರಿತ್ತು. ಕೊನೆಗೆ ನಿಜವನ್ನೇ ಬರೆದುಕೊಟ್ಟರು. ಇವಳು ಒಳ್ಳೆಯ ವಿದ್ಯಾರ್ಥಿನಿ, ತಂದೆಯ ಸಾವಿಗೆ ಹೋಗಿದ್ದಳು, ಕೇಳಿದ್ದರೆ ರಜೆ ಖಂಡಿತ ಸಿಗುತ್ತಿತ್ತು, ಎಂದು.

ಆ ಕಾಗದ ಲಗತ್ತಿಸಿ ಅರ್ಜಿ ಹೋಯಿತು. ಉತ್ತರ ಬರುವವರೆಗೆ ಕೆಲಸ ಮಾಡಬಹುದಿತ್ತು. ಒಂದು ಶಿಶುವಿಹಾರಕ್ಕೆ ಸೇರಿದಳು. ಸಂಜೆ ಬಂದವಳ ಅಂಗಿಯ ಮೇಲೆ ಬಣ್ಣ, ಗಂಜಿ, ಯಾರದೋ ಮಗುವಿನ ಸಿಂಬಳ. ಹಿಮ ಕರಗಿತು, ಹುಲ್ಲು ಬಂತು, ಸೊಳ್ಳೆ ಬಂತು, ಉತ್ತರ ಬರಲಿಲ್ಲ. ಬಸ್ಸಿಳಿದು ನಡೆದು ಬರುವಾಗ ಫೋನು ತೆಗೆದು ನೋಡುವುದು, ಒಳಗಿಡುವುದು, ಮತ್ತೆ ತೆಗೆಯುವುದು. ಆ ನಡಿಗೆಯನ್ನು ಕಿಟಕಿಯಿಂದ ನೋಡಿಯೇ ನನಗೆ ಸುಸ್ತಾಗುತ್ತಿತ್ತು. ಊಟಕ್ಕೆ ಕರೆದರೆ "ಆಯ್ತು ಚಿಕ್ಕಮ್ಮ" ಎನ್ನುತ್ತಿದ್ದಳು. ಆಗಿರುತ್ತಿರಲಿಲ್ಲ.

ಬೇಸಿಗೆಯ ಕೊನೆಗೆ ಉತ್ತರ ಬಂತು. ಇಲ್ಲ ಎಂದು. ಅದೇ ಕಾರಣ. ಅವಳು ಅಳಲಿಲ್ಲ, ಶಿಶುವಿಹಾರಕ್ಕೆ ಫೋನ್ ಮಾಡಿ ನಾಳೆಯಿಂದ ಬರಲಾಗುವುದಿಲ್ಲವೆಂದು ತಿಳಿಸಿ, ತೊಂದರೆಯಾಯಿತೆಂದು ಅವರಲ್ಲೇ ಕ್ಷಮೆ ಕೇಳಿದಳು.

ಎರ್ನಿ ಓಡಿ ಬಂದ. "ಕೈ ಬಿಡ್ಬೇಡ. ಮತ್ತೆ ನೋಡಿ ಅಂತ ಒಂದು ಮನವಿ ಹಾಕೋಣ. ಆಗ್ಲಿಲ್ಲ ಅಂದ್ರೆ ಇನ್ನೊಂದು ಕೋರ್ಸಿಗೆ ಸೇರ್ಕೋ. ಎರಡು ವರ್ಷ ಅಷ್ಟೇ."

"ಸರಿ ಎರ್ನಿ ಅಣ್ಣ," ಎಂದಳು. ಅವನು ಹೇಳಿದ್ದಕ್ಕೆಲ್ಲ ಸರಿ. ಅವನು ಹೋದ ಮೇಲೆ ಮೇಜಿನ ಮೇಲೆ ತಲೆಯಿಟ್ಟು ಕೂತಳು. ನಾನು ಅನ್ನ ಬಡಿಸಿ ಎದುರಿಗಿಟ್ಟೆ, ಆರಿಹೋಯಿತು.

ಇಲ್ಲಿ ಸಂಜೆಯಾದರೆ ಊರಿನಲ್ಲಿ ಬೆಳಗಾಗುತ್ತದೆ. ಶಾಲೆಗೆ ಹೊರಡುವ ಮುಂಚೆ ಮಗಳು ಫೋನಿನಲ್ಲಿ ಕಾಣಿಸಿಕೊಂಡಳು. ಎರಡು ಜಡೆ, ಬಿಳಿ ಅಂಗಿ. ಜೊವೆಲಿನ್ ಸುತ್ತಿ ಬಳಸಿ, ನೀರು ಕುಡಿದು, ಕೊನೆಗೆ ಹೇಳಿದಳು.

"ಪರ್ಮಿಟ್ ಸಿಗ್ಲಿಲ್ಲ ಮಗಳೇ. ಇನ್ನೊಂದು ಸಲ ಟ್ರೈ ಮಾಡ್ತೀನಿ. ಇನ್ನೂ ಸ್ವಲ್ಪ ದಿನ ಆಗತ್ತೆ."

"ಪರವಾಗಿಲ್ಲಮ್ಮ," ಎಂದಿತು ಮಗು, ನಗುತ್ತ.

"ನಿನಗೇನಾದ್ರೂ ಬೇಕಾ? ಶೂ? ಬ್ಯಾಗು?"

"ಏನೂ ಬೇಡಮ್ಮ. ನಾನು ಚೆನ್ನಾಗಿದೀನಿ. ನಿನಗೆ ಸುಮ್ನೆ ತೊಂದರೆ."

ಅದೇ ಮಾತು, ಅದೇ ನಗು. ಅದೂ ಹತ್ತು ವರ್ಷದ ಮಗುವಿನ ಮುಖದಲ್ಲಿ. ಜೊವೆಲಿನ್ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರ ತಂದುಕೊಂಡಳು. ಅವಳು ದನಿಯೆತ್ತಿ ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ.

"ಹಾಗನ್ಬೇಡ! ನನ್ನ ಹತ್ರ ಹಾಗನ್ಬೇಡ. ಏನು ಬೇಕೋ ಬಾಯಿಬಿಟ್ಟು ಕೇಳು. ಕೇಳು ಮಗಳೇ."

ಅಲ್ಲಿ ಯಾರೋ ಶಾಲೆಗೆ ಹೊತ್ತಾಯಿತೆಂದು ಕೂಗುತ್ತಿದ್ದರು. ಮಗು ಅತ್ತ ನೋಡಿತು, ಇತ್ತ ನೋಡಿತು. ಅದರ ನಗು ನಿಂತುಹೋಯಿತು.

"ನೀನು ಬೇಕು," ಎಂದಿತು. "ಬಂದ್ಬಿಡಮ್ಮ."

"ಬರ್ತೀನಿ," ಎಂದಳು ಜೊವೆಲಿನ್.

ಮರುದಿನ ತಾನೇ ಎರ್ನಿಗೆ ಫೋನ್ ಮಾಡಿ, ಮನವಿ ಬೇಡ, ಕೋರ್ಸೂ ಬೇಡ, ನಾನು ಮನೆಗೆ ಹೋಗುತ್ತೇನೆ ಎಂದು ಹೇಳಿದಳು.